ಓದು ಬಾರದವರು ಕಟ್ಟಿದ ಶಾಲೆ: ದಲೀಪ್ ಸಿಂಗ್ ಸೌಂದರ ಬದುಕು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಮಿತಿಯ ಹಿರಿಯರು ಎರಡು ತಿಂಗಳ ಹಿಂದೆ ನನಗೆ ಫೋನ್ ಮಾಡಿ, "ನೀನು ಐದು ವರ್ಷ ಅಮೆರಿಕದಲ್ಲಿ ಇದ್ದು ಬಂದವನು. ಸ್ಮರಣ ಸಂಚಿಕೆಗೆ ಅಲ್ಲಿಯದು ಏನಾದರೂ ಬರೆದು ಕೊಡು. ಆದರೆ ಕಂಪ್ಯೂಟರ್ ವಿಷಯ ಬೇಡ, ಊರವರಿಗೆ ತಿಳಿಯುವಂಥದ್ದು ಬರಿ" ಎಂದರು. ನಾನು ಈ ಶಾಲೆಯ 2004ರ ಎಸ್ಸೆಸ್ಸೆಲ್ಸಿ ತಂಡದವನು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಪ್ರಬಂಧ ಬರೆದು ರೂಢಿಯಿಲ್ಲ. ಆದರೂ ಒಪ್ಪಿಕೊಂಡೆ. ಏಕೆಂದರೆ ಅಮೆರಿಕದಲ್ಲಿ ನಾನು ತಿಳಿದುಕೊಂಡ ಒಬ್ಬ ಮನುಷ್ಯನ ಕಥೆ ನಮ್ಮ ಈ ಶಾಲೆಗೆ, ನಮ್ಮ ಈ ಕಾಲುವೆ ಸೀಮೆಗೆ ಬಹಳ ಹತ್ತಿರದ್ದು ಎಂದು ನನಗೆ ಅನ್ನಿಸಿದೆ. ಅದನ್ನು ಹೇಳುವ ಮೊದಲು ಇದೇ ಶಾಲೆಯಲ್ಲಿ ನಡೆದ ಒಂದು ಘಟನೆಯನ್ನು ಹೇಳಬೇಕು.

ನಾನು ಎಂಟನೇ ತರಗತಿಯಲ್ಲಿದ್ದಾಗ ಕ್ಯಾಂಪಿನಿಂದ ಒಬ್ಬ ಹುಡುಗ ನಮ್ಮ ತರಗತಿಗೆ ಸೇರಿದ. ತುಂಗಭದ್ರಾ ನಾಲೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಭತ್ತ ಬೆಳೆಯಲು ಬಂದ ರೈತರು ನೆಲೆ ನಿಂತ ಕ್ಯಾಂಪುಗಳು ನಮ್ಮ ಸುತ್ತ ಎಷ್ಟಿವೆ ಎಂದು ನಿಮಗೆಲ್ಲ ಗೊತ್ತು. ಆ ಹುಡುಗನ ಅಜ್ಜ ಹಾಗೆ ಬಂದವರು. ಅವನ ಕನ್ನಡದಲ್ಲಿ ತೆಲುಗಿನ ರಾಗ ಇತ್ತು. ಅವನು ಪಾಠ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನ ನಾವು ಅದೇ ರಾಗದಲ್ಲಿ ಅಣಕಿಸುತ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವನು ನಾನೇ. ಖೋ-ಖೋ ತಂಡಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. "ಹೊರಗಿನವನು" ಎಂದೆವು.

ಒಂದು ದಿನ ಸಮಾಜ ವಿಜ್ಞಾನದ ಗುರುಗಳಿಗೆ ಇದು ತಿಳಿಯಿತು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. "ಯಾರ ಅಜ್ಜನ ಅಜ್ಜ ಇದೇ ಊರಿನಲ್ಲಿ ಹುಟ್ಟಿದವರೋ ಅವರು ಕೈ ಎತ್ತಿ. ಆದರೆ ಮೊದಲು ಮನೆಗೆ ಹೋಗಿ ಕೇಳಿಕೊಂಡು ಬನ್ನಿ, ನಾಳೆ ಎತ್ತಿ" ಎಂದರು. ನಾನು ಧೈರ್ಯವಾಗಿ ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ನಮ್ಮ ಮನೆತನ ಒಂದು ದೊಡ್ಡ ಬರದಲ್ಲಿ ಮುದ್ದೇಬಿಹಾಳದ ಕಡೆಯಿಂದ ಎರಡು ಎತ್ತು, ಒಂದು ಬಂಡಿ ಕಟ್ಟಿಕೊಂಡು ಬಂದದ್ದು ಎಂದು ಆಕೆ ಹೇಳಿದಳು. ಮರುದಿನ ನಲವತ್ತು ಮಕ್ಕಳಲ್ಲಿ ಕೈ ಎತ್ತಿದವರು ಆರೇ ಜನ. ನಾನು ಎತ್ತಲಿಲ್ಲ. ಆದರೆ ಆ ಹುಡುಗನ ಬಳಿ ಹೋಗಿ ತಪ್ಪಾಯಿತು ಎಂದು ಹೇಳಲೂ ಇಲ್ಲ.

ಇದಾದ ಎಷ್ಟೋ ವರ್ಷಗಳ ನಂತರ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಚೇರಿಯ ಸಭೆಯಲ್ಲಿ ನಾನು ಮಾತಾಡಿ ಕೂತ ಮೇಲೆ, ಯಾರೋ ನನ್ನ ಇಂಗ್ಲಿಷಿನ ರಾಗವನ್ನು ಮೆಲ್ಲಗೆ ಅಣಕಿಸಿದ್ದು ಕಿವಿಗೆ ಬಿತ್ತು. ಇಬ್ಬರು ನಕ್ಕರು. ಅಂದು ಸಂಜೆ ನನಗೆ ನೆನಪಾದದ್ದು ನಮ್ಮ ಹಿಂದಿನ ಬೆಂಚು.

ಸ್ಟಾಕ್ಟನ್ ಗುರುದ್ವಾರದಲ್ಲಿ

ನಾನಿದ್ದ ಊರಿನಿಂದ ನೂರು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ ಸ್ಟಾಕ್ಟನ್ ಎಂಬ ಊರಿದೆ. ಅಲ್ಲಿ 1912ರಲ್ಲಿ ಪಂಜಾಬಿನ ರೈತರು ಸ್ಥಾಪಿಸಿದ ಗುರುದ್ವಾರವಿದೆ. ಅಮೆರಿಕದಲ್ಲಿ ಸಿಖ್ಖರು ಕಟ್ಟಿದ ಮೊದಲ ಗುರುದ್ವಾರ ಅದು. ಪಂಜಾಬಿ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ನನ್ನನ್ನು ಅಲ್ಲಿಗೆ ಕರೆದೊಯ್ದರು. ತಲೆಗೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಸಾಲಾಗಿ ಕೂತು ರೊಟ್ಟಿ, ದಾಲ್ ಉಂಡೆವು. ಬಡಿಸುತ್ತಿದ್ದ ಹಿರಿಯರೊಬ್ಬರು ನಾನು ಹೊಸಬನೆಂದು ತಿಳಿದು ಪಕ್ಕದಲ್ಲಿ ಕೂತು ಮಾತಾಡಿಸಿದರು. ನಾನು ಇಂಜಿನಿಯರ್ ಎಂದಾಗ, "ನೂರು ವರ್ಷದ ಹಿಂದೆ ಇಲ್ಲಿಯ ಅನ್ನ ಉಂಡು ಗಣಿತದಲ್ಲಿ ಡಾಕ್ಟರೇಟ್ ಮಾಡಿದವರೊಬ್ಬರಿದ್ದರು. ಡಾಕ್ಟರೇಟ್ ಮಾಡಿಯೂ ಹೊಲದಲ್ಲಿ ದುಡಿದರು. ಆಮೇಲೆ ಈ ದೇಶದ ಸಂಸತ್ತಿಗೆ ಹೋದರು. ಅವರ ಹೆಸರು ಗೊತ್ತೇ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಹೇಳಿದ ಹೆಸರು ದಲೀಪ್ ಸಿಂಗ್ ಸೌಂದ್. ಮನೆಗೆ ಬಂದು ಅವರು 1960ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ತರಿಸಿ ಓದಿದೆ.

ಒಂದು ಕೋಣೆಯ ಶಾಲೆ

ಸೌಂದ್ ಹುಟ್ಟಿದ್ದು 1899ರ ಸೆಪ್ಟೆಂಬರ್ 20ರಂದು, ಪಂಜಾಬಿನ ಅಮೃತಸರ ಜಿಲ್ಲೆಯ ಛಜ್ಜಲವಾಡಿ ಎಂಬ ಹಳ್ಳಿಯಲ್ಲಿ. ತಂದೆ ನಾಥಾ ಸಿಂಗ್, ತಾಯಿ ಜೀವನಿ ಕೌರ್. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆತನದವರು ಸರ್ಕಾರದ ಗುತ್ತಿಗೆ ಕೆಲಸ ಮಾಡಿಸುತ್ತ ಅನುಕೂಲವಾಗಿದ್ದರು. ಕೈಯಲ್ಲಿ ನಾಲ್ಕು ಕಾಸು ಇದ್ದಾಗ ಅವರು ಮಾಡಿದ ಕೆಲಸವೆಂದರೆ ಊರ ಮಕ್ಕಳಿಗಾಗಿ ಒಂದು ಕೋಣೆಯ ಶಾಲೆ ತೆರೆದದ್ದು. ದಲೀಪ್ ಅಕ್ಷರ ಕಲಿತದ್ದು ಆ ಕೋಣೆಯಲ್ಲಿ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಶಾಲೆ ಹೇಗೆ ಶುರುವಾಯಿತು ಎಂದು ಈ ಸಂಚಿಕೆಯಲ್ಲಿ ಬೇರೆಯವರು ವಿವರವಾಗಿ ಬರೆದಿರುತ್ತಾರೆ. ಮೊದಲ ಎರಡು ವರ್ಷ ಹನುಮಪ್ಪನ ಗುಡಿಯ ಪಡಸಾಲೆಯಲ್ಲಿ ಪಾಠ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಈಗಿನ ಕಟ್ಟಡಕ್ಕೆ ಜಾಗ ಕೊಟ್ಟವರ ದಾನಪತ್ರವನ್ನು ಮುಖ್ಯ ಗುರುಗಳು ನಮಗೊಮ್ಮೆ ತೋರಿಸಿದ್ದರು. ಅದರಲ್ಲಿ ಸಹಿ ಇರಲಿಲ್ಲ, ಹೆಬ್ಬೆಟ್ಟಿನ ಗುರುತು ಇತ್ತು. ತನ್ನ ಹೆಸರು ತಾನು ಬರೆಯಲಾರದವನು ಬೇರೆಯವರ ಮಕ್ಕಳು ಬರೆಯಲಿ ಎಂದು ಹೊಲ ಬಿಟ್ಟುಕೊಟ್ಟಿದ್ದ.

ದಲೀಪರನ್ನು ಮುಂದೆ ಊರಿನಿಂದ ಹೊರಗಿನ ವಸತಿ ಶಾಲೆಗೆ, ಆಮೇಲೆ ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿಗೆ ಕಳಿಸಿದರು. 1919ರಲ್ಲಿ ಪಂಜಾಬ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಬಿ.ಎ. ಆಯಿತು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆದದ್ದು ಅದೇ ವರ್ಷ, ಅವರದೇ ಜಿಲ್ಲೆಯಲ್ಲಿ. ತರುಣ ದಲೀಪ್ ಗಾಂಧೀಜಿಯವರ ಕಡೆ ಒಲಿದಿದ್ದರು. ಅಬ್ರಹಾಂ ಲಿಂಕನ್ನರ ಮಾತುಗಳನ್ನು ಓದಿ ಅಮೆರಿಕವನ್ನು ನೋಡಬೇಕೆಂಬ ಆಸೆಯೂ ಹುಟ್ಟಿತ್ತು. ಹಣ್ಣು, ಆಹಾರ ಪದಾರ್ಥಗಳನ್ನು ಡಬ್ಬಿಯಲ್ಲಿ ಕೆಡದಂತೆ ಇಡುವ ವಿದ್ಯೆ ಕಲಿತು, ಎರಡು ಮೂರು ವರ್ಷಗಳಲ್ಲಿ ಮರಳಿ ಬಂದು ಊರಲ್ಲಿ ಕಾರ್ಖಾನೆ ಹಾಕುತ್ತೇನೆ ಎಂದು ಮನೆಯವರನ್ನು ಒಪ್ಪಿಸಿ 1920ರಲ್ಲಿ ಹೊರಟರು. ಮರಳಿ ಹುಟ್ಟೂರನ್ನು ಕಂಡದ್ದು 37 ವರ್ಷಗಳ ನಂತರ.

ಬಾಗಿಲು ಮುಚ್ಚಿದ ದೇಶ

ಅವರು ಹೋದ ಕಾಲ ಒಳ್ಳೆಯ ಕಾಲವಲ್ಲ. ಪಂಜಾಬಿನ ರೈತರು, ನಿವೃತ್ತ ಸಿಪಾಯಿಗಳು 1900ರ ನಂತರ ಅಮೆರಿಕದ ಪಶ್ಚಿಮ ಕರಾವಳಿಗೆ ಬಂದು ಮರ ಕೊಯ್ಯುವ ಕಾರ್ಖಾನೆಗಳಲ್ಲಿ, ರೈಲು ಹಾದಿಯಲ್ಲಿ, ಹೊಲಗಳಲ್ಲಿ ದುಡಿಯುತ್ತಿದ್ದರು. 1907ರ ಸೆಪ್ಟೆಂಬರಿನಲ್ಲಿ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಗುಂಪೊಂದು ಅವರ ಬಿಡಾರಗಳಿಗೆ ನುಗ್ಗಿ ಹೊಡೆದು ಊರು ಬಿಡಿಸಿತು. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ವಿದ್ಯಾರ್ಥಿಗಳಿಗೆ ಮಾತ್ರ ವಿನಾಯಿತಿ ಇತ್ತು. ಸೌಂದ್ ಆ ಕಿಂಡಿಯಿಂದ ಒಳಗೆ ಹೋದವರು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಸೇರಿದರು. ಉಳಿದುಕೊಳ್ಳಲು ಬಾಡಿಗೆಯಿಲ್ಲದ ಮನೆ ಸಿಕ್ಕಿತು. ಅದು ಸ್ಟಾಕ್ಟನ್ ಗುರುದ್ವಾರದವರು ಭಾರತದ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ಮನೆ. ಆ ಗುರುದ್ವಾರದ ಸ್ಥಾಪಕರಲ್ಲಿ ಒಬ್ಬರಾದ ಜ್ವಾಲಾ ಸಿಂಗ್ ಆಲೂಗಡ್ಡೆ ಬೆಳೆದು ಹಣ ಮಾಡಿದ ರೈತ. ಅವರು 1912ರಷ್ಟು ಹಿಂದೆಯೇ ಭಾರತದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಏರ್ಪಡಿಸಿದ್ದರು. ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದವರ ಕಾಸಿನಲ್ಲಿ ಹುಡುಗರು ಓದುತ್ತಿದ್ದರು. ಛಜ್ಜಲವಾಡಿಯ ಒಂದು ಕೋಣೆಯ ಶಾಲೆಯ ಹಿಂದೆ ಇದ್ದ ಮನಸ್ಸೇ ಸಮುದ್ರದಾಚೆಯೂ ಇತ್ತು. ರಜೆಯಲ್ಲಿ ಸೌಂದ್ ಡಬ್ಬಿ ತುಂಬುವ ಕಾರ್ಖಾನೆಗಳಲ್ಲಿ ದುಡಿದು ಖರ್ಚು ತೂಗಿಸಿದರು. ವಿದ್ಯಾರ್ಥಿಗಳ ಹಿಂದೂಸ್ತಾನ್ ಸಂಘದ ಅಧ್ಯಕ್ಷರಾಗಿ ಭಾರತದ ಸ್ವಾತಂತ್ರ್ಯದ ಪರ ಭಾಷಣ ಮಾಡಿದರು. ಗಣಿತದ ಪ್ರೀತಿ ಬಿಡಲಿಲ್ಲ. 1922ರಲ್ಲಿ ಎಂ.ಎ., 1924ರಲ್ಲಿ ಡಾಕ್ಟರೇಟ್ ಪಡೆದರು. ಅವರ ಮಹಾಪ್ರಬಂಧ ದೀರ್ಘವೃತ್ತಾಕಾರದ ಸಿಲಿಂಡರಿಗೆ ಸಂಬಂಧಿಸಿದ ಫಲನಗಳ ಮೇಲಿನದು. ನಾಲ್ಕು ಸೆಮಿಸ್ಟರ್ ಇಂಜಿನಿಯರಿಂಗ್ ಗಣಿತ ಓದಿದ ನನಗೆ ಅದರ ವಿಷಯವನ್ನು ಅರ್ಥ ಮಾಡಿಕೊಳ್ಳಲು ಹೋಗಿ ಮೊದಲ ಪುಟದಲ್ಲೇ ಬೆವರು ಬಂತು.

ಅಷ್ಟು ಓದಿಯೂ ಕೆಲಸ ಸಿಗಲಿಲ್ಲ. ಅಮೆರಿಕದ ಹಳೆಯ ಕಾನೂನು ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಕೊಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ 1923ರ ಫೆಬ್ರವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಕೆಲವರಿಗೆ ಆಗಲೇ ಕೊಟ್ಟಿದ್ದ ಪೌರತ್ವವನ್ನೂ ಕಿತ್ತುಕೊಂಡರು. ಪೌರರಾಗಲು ಅರ್ಹರಲ್ಲದವರು ಜಮೀನು ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ 1913ರ ಕಾನೂನು ಹೇಳಿತ್ತು. 1920ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ ಗುತ್ತಿಗೆಗೆ ಹಿಡಿಯುವುದನ್ನೂ ತಡೆದರು. ಡಾಕ್ಟರ್ ಸೌಂದರಿಗೆ ಕಾಲೇಜಿನ ಬಾಗಿಲು ತೆರೆಯಲಿಲ್ಲ, ಹೊಲದ ಬಾಗಿಲೂ ಅರ್ಧ ಮುಚ್ಚಿತ್ತು.

ಕಾಲುವೆ ಸೀಮೆಯ ಬದುಕು

1925ರ ಬೇಸಿಗೆಯಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಹೋದರು. ಅದು ಮೆಕ್ಸಿಕೋ ಗಡಿಗೆ ಹತ್ತಿದ ನಾಡು. ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿರುವ ಮರುಭೂಮಿ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಕೊಲೊರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತಂದು 1900ರ ದಶಕದಲ್ಲಿ ಅಲ್ಲಿ ಒಕ್ಕಲುತನ ಶುರು ಮಾಡಿದರು. ನೀರು ಬಂದ ಕೂಡಲೇ ನಾನಾ ದೇಶದ ಜನ ಬಂದರು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಒಣ ಬಯಲಿಗೆ ನಾಲೆ ನೀರು ಬಂದಾಗ ಆದದ್ದೂ ಅದೇ.

ಸೌಂದ್ ಮೊದಲು ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು. ಆಮೇಲೆ ತಾವೇ ಲೆಟ್ಯೂಸ್ ಎಂಬ ಸೊಪ್ಪು ಮುಂತಾದ ಬೆಳೆ ಬೆಳೆಯಲು ತೊಡಗಿದರು. ಕಾನೂನಿನ ಅಡ್ಡಿಯಿಂದಾಗಿ ಆ ಕಣಿವೆಯ ಪಂಜಾಬಿಗಳು ನಂಬಿಕೆಯ ಅಮೆರಿಕನ್ನರ ಹೆಸರಿನಲ್ಲಿ ಜಮೀನು ಹಿಡಿದು ಸಾಗುವಳಿ ಮಾಡುತ್ತಿದ್ದರು. ಕಾಗದ ಒಬ್ಬರ ಹೆಸರಿನಲ್ಲಿ, ಬೆವರು ಇನ್ನೊಬ್ಬರದು. ಊರಿನಿಂದ ಹೆಂಗಸರನ್ನು ಕರೆತರುವಂತಿರಲಿಲ್ಲವಾಗಿ ಅವರಲ್ಲಿ ಅನೇಕರು ಮೆಕ್ಸಿಕೋ ಮೂಲದ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು.

ಸೌಂದ್ 1928ರಲ್ಲಿ ಮೇರಿಯನ್ ಕೋಸಾ ಎಂಬ ತರುಣಿಯನ್ನು ಮದುವೆಯಾದರು. ಆಕೆಯ ತಂದೆ ತಾಯಿ ಚೆಕ್ ದೇಶದಿಂದ ಬಂದ ವಲಸೆಗಾರರು. ಆ ಕಾಲದ ಕಾನೂನು ಎಷ್ಟು ಕ್ರೂರವಾಗಿತ್ತೆಂದರೆ, ಪೌರನಾಗಲು ಅರ್ಹನಲ್ಲದವನನ್ನು ಮದುವೆಯಾದ ಅಮೆರಿಕದ ಹೆಣ್ಣುಮಗಳು ತನ್ನ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. ಮೇರಿಯನ್ ಕಳೆದುಕೊಂಡರು. ಅದನ್ನು ತಿಳಿದೇ ಕೈ ಹಿಡಿದರು. ಮೂವರು ಮಕ್ಕಳಾದರು: ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆಗೆ ಬೆಲೆ ಬಿದ್ದು ಸೌಂದ್ ಸಾಲದಲ್ಲಿ ಮುಳುಗಿದರು. ದಿವಾಳಿ ಅರ್ಜಿ ಹಾಕಿದರೆ ಸಾಲದಿಂದ ಬಿಡುಗಡೆ ಸಿಗುತ್ತಿತ್ತು. ಅವರು ಹಾಕಲಿಲ್ಲ. ವರ್ಷಗಟ್ಟಲೆ ದುಡಿದು ಸಾಲ ತೀರಿಸಿದರು. ಮುಂದೆ ಮಕ್ಕಳ ಓದು, ಆರೋಗ್ಯಕ್ಕಾಗಿ ಮೇರಿಯನ್ ಲಾಸ್ ಏಂಜಲೀಸ್‌ನಲ್ಲಿ ಮನೆ ಮಾಡಿ ಶಿಕ್ಷಕಿಯಾಗಿ ದುಡಿದರು. ಸೌಂದ್ ಹೊಲ ನೋಡಿಕೊಂಡು ಕಣಿವೆಯಲ್ಲಿ ಉಳಿದರು. ವಾರವಿಡೀ ಹೊಲ, ವಾರದ ಕೊನೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಹೆಂಡತಿ ಮಕ್ಕಳ ಬಳಿಗೆ. ಬೆಂಗಳೂರಿನಲ್ಲೋ ಗೋವಾದಲ್ಲೋ ದುಡಿಯುತ್ತ ಮನೆ ಮಂದಿಯನ್ನು ಊರಲ್ಲಿ ಬಿಟ್ಟಿರುವ ನಮ್ಮ ಶಾಲೆಯ ಎಷ್ಟೋ ಹಳೆಯ ವಿದ್ಯಾರ್ಥಿಗಳಿಗೆ ಆ ಪ್ರಯಾಣ ಏನೆಂದು ಗೊತ್ತು.

ನಂಬಿಕೆ ಮತ್ತು ಸೇವೆ

ಸಿಖ್ ಧರ್ಮ ಮೂರು ಮಾತುಗಳನ್ನು ಮುಖ್ಯವಾಗಿ ಹೇಳುತ್ತದೆ: ದೇವರ ನಾಮಸ್ಮರಣೆ, ಪ್ರಾಮಾಣಿಕ ದುಡಿಮೆ, ದುಡಿದದ್ದನ್ನು ಹಂಚಿ ತಿನ್ನುವುದು. ಬಸವಣ್ಣನವರ ಕಾಯಕ ಮತ್ತು ದಾಸೋಹದ ನಾಡಿನವರಾದ ನಮಗೆ ಇದು ಹೊಸದಲ್ಲ. ಸೌಂದರ ಬದುಕಿನಲ್ಲಿ ನನಗೆ ಕಂಡದ್ದು ಈ ಎರಡನೆಯ ಮತ್ತು ಮೂರನೆಯ ಮಾತು. ಸಂಸತ್ತಿನ ಕಾಲದ ಚಿತ್ರಗಳಲ್ಲಿ ಅವರ ತಲೆಯ ಮೇಲೆ ಪಗಡಿಯಿಲ್ಲ, ಮುಖದಲ್ಲಿ ಗಡ್ಡವಿಲ್ಲ. ಆದರೆ ತನಗೆ ಅನ್ನ, ಆಸರೆ ಕೊಟ್ಟ ಗುರುದ್ವಾರದ ಋಣವನ್ನು ಅವರು ಮರೆಯಲಿಲ್ಲ. 1927ರಲ್ಲಿ ಕ್ಯಾಥರೀನ್ ಮೇಯೊ ಎಂಬಾಕೆ ಭಾರತೀಯರನ್ನು ಹೀನವಾಗಿ ಚಿತ್ರಿಸಿ 'ಮದರ್ ಇಂಡಿಯಾ' ಎಂಬ ಪುಸ್ತಕ ಬರೆದಾಗ, ಅದಕ್ಕೆ ಉತ್ತರ ಬರೆಯುವ ಕೆಲಸವನ್ನು ಸ್ಟಾಕ್ಟನ್ ಗುರುದ್ವಾರ ಸೌಂದರಿಗೆ ಒಪ್ಪಿಸಿತು. ಅವರ 'ಮೈ ಮದರ್ ಇಂಡಿಯಾ' 1930ರಲ್ಲಿ ಪ್ರಕಟವಾಯಿತು.

ಹೊಲದ ಕೆಲಸದ ನಡುವೆಯೂ ಚರ್ಚುಗಳು, ಕ್ಲಬ್ಬುಗಳು ಕರೆದಲ್ಲಿಗೆಲ್ಲ ಹೋಗಿ ಭಾರತದ ಬಗ್ಗೆ ಮಾತಾಡಿದರು. 1942ರಲ್ಲಿ ಭಾರತೀಯರನ್ನು ಒಗ್ಗೂಡಿಸಿ ಒಂದು ಸಂಘ ಕಟ್ಟಿ ಅದರ ಅಧ್ಯಕ್ಷರಾದರು. ಪೌರತ್ವದ ಹಕ್ಕು ಕೊಡಿ ಎಂಬುದು ಅವರ ಬೇಡಿಕೆ. ನ್ಯೂಯಾರ್ಕಿನಲ್ಲಿ ಜೆ.ಜೆ. ಸಿಂಗ್ ಎಂಬವರು ಇದೇ ಕೆಲಸದಲ್ಲಿ ತೊಡಗಿದ್ದರು. ಸಂಸತ್ತಿನ ಸದಸ್ಯರಾದ ಕ್ಲೇರ್ ಬೂತ್ ಲೂಸ್ ಮತ್ತು ಎಮಾನ್ಯುಯಲ್ ಸೆಲ್ಲರ್ ಬೇರೆ ಬೇರೆ ಪಕ್ಷದವರಾದರೂ ಈ ಮಸೂದೆಗಾಗಿ ಕೂಡಿ ನಿಂತರು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ವರ್ಷಕ್ಕೆ ಕೇವಲ 100 ಭಾರತೀಯರಿಗೆ ಪ್ರವೇಶ ಕೊಡುವ ಕಾನೂನು ಅದು. ಆದರೆ ಅಲ್ಲಿ ಆಗಲೇ ನೆಲೆಸಿದ್ದವರು ಪೌರರಾಗಲು ದಾರಿ ತೆರೆಯಿತು. ಸೌಂದ್ 1949ರ ಡಿಸೆಂಬರ್ 16ರಂದು ಪೌರರಾದರು. ಆ ನೆಲದಲ್ಲಿ ಕಾಲಿಟ್ಟು 29 ವರ್ಷ ಆಗಿತ್ತು.

ಹದಿಮೂರು ಮತಗಳು

ಮರು ವರ್ಷವೇ ಅವರು ವೆಸ್ಟ್‌ಮೋರ್ಲೆಂಡ್ ಎಂಬ ಸಣ್ಣ ಊರಿನ ನ್ಯಾಯಾಧೀಶ ಸ್ಥಾನಕ್ಕೆ ನಿಂತು ಗೆದ್ದರು. ಅಲ್ಲಿ ಅಂಥ ಸ್ಥಳೀಯ ನ್ಯಾಯಾಧೀಶರನ್ನು ಜನರೇ ಆರಿಸುತ್ತಿದ್ದರು. ಆದರೆ ಪೌರರಾಗಿ ಒಂದು ವರ್ಷ ತುಂಬಿರಲಿಲ್ಲ ಎಂದು ಆಯ್ಕೆ ಅಸಿಂಧುವಾಯಿತು. 1952ರಲ್ಲಿ ಮತ್ತೆ ನಿಂತರು. ಆಗ ಹೋಟೆಲೊಂದರಲ್ಲಿ ಒಬ್ಬ, ಗೆದ್ದರೆ ನಿಮ್ಮ ಕೋರ್ಟಿಗೆ ಬರುವವರಿಗೆ ಪಗಡಿ ನೀವೇ ಕೊಡುತ್ತೀರೋ, ನಾವೇ ಕೊಂಡು ತರಬೇಕೋ ಎಂದು ಎಲ್ಲರ ಮುಂದೆ ಕುಚೋದ್ಯ ಮಾಡಿದ. ಸೌಂದ್ ಸಿಟ್ಟಾಗಲಿಲ್ಲ. ಮನುಷ್ಯನ ತಲೆಯ ಮೇಲೆ ಏನಿದೆ ಎನ್ನುವುದು ತಮಗೆ ಮುಖ್ಯವಲ್ಲ, ತಲೆಯ ಒಳಗೆ ಏನಿದೆ ಎನ್ನುವುದಷ್ಟೇ ಮುಖ್ಯ ಎಂಬರ್ಥದ ಉತ್ತರ ಕೊಟ್ಟರು. ಕೂತವರೆಲ್ಲ ನಕ್ಕರು. ಆ ಚುನಾವಣೆಯನ್ನು ಅವರು 13 ಮತಗಳಿಂದ ಗೆದ್ದರು. ನ್ಯಾಯಾಧೀಶರಾಗಿ ಊರಿನಲ್ಲಿ ಬೇರೂರಿದ್ದ ಮಾದಕ ವಸ್ತು, ವೇಶ್ಯಾವಾಟಿಕೆಗಳ ದಂಧೆಯನ್ನು ಬಿಗಿಯಾಗಿ ಹತ್ತಿಕ್ಕಿದರು. ಜೊತೆಗೆ ಹೊಟ್ಟೆಪಾಡಿಗೆ ಗೊಬ್ಬರದ ವ್ಯಾಪಾರ ನಡೆಸಿದರು.

1956ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಕಾಂಗ್ರೆಸ್ಸಿಗೆ ನಿಂತರು. ನಮ್ಮಲ್ಲಿ ಕಾಂಗ್ರೆಸ್ ಎಂದರೆ ಒಂದು ಪಕ್ಷ. ಅಲ್ಲಿ ಸಂಸತ್ತಿಗೇ ಆ ಹೆಸರು. ಅದರ ಕೆಳಮನೆ ನಮ್ಮ ಲೋಕಸಭೆ ಇದ್ದಂತೆ. ಅದಕ್ಕೆ ಹೋಗುವವರು ಏಳು ವರ್ಷ ಪೌರರಾಗಿರಬೇಕು. ಇವರಿಗೆ ಆ ಅರ್ಹತೆಯಿಲ್ಲ ಎಂದು ಪಕ್ಷದೊಳಗಿನ ಎದುರಾಳಿ ನ್ಯಾಯಾಲಯಕ್ಕೆ ಹೋದರೂ ಅರ್ಜಿ ನಿಲ್ಲಲಿಲ್ಲ. ಪ್ರಮಾಣವಚನದ ದಿನವಾದ 1957ರ ಜನವರಿ 3ಕ್ಕೆ ಲೆಕ್ಕ ಹಾಕಿದರೆ ಸೌಂದ್ ಪೌರರಾಗಿ ಏಳು ವರ್ಷ, 18 ದಿನ ಆಗುತ್ತದೆ. ಮುಖ್ಯ ಚುನಾವಣೆಯಲ್ಲಿ ಎದುರಾಳಿ ಜಾಕ್ವೆಲಿನ್ ಕಾಕ್ರನ್. ಶಬ್ದದ ವೇಗ ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ ಆಕೆ. ದೇಶಕ್ಕೆಲ್ಲ ಪರಿಚಿತರು, ಶ್ರೀಮಂತರು. ಸೌಂದರ ಹೆಂಡತಿ, ಮಕ್ಕಳು, ನೆರೆಹೊರೆಯ ರೈತರು ಮನೆ ಮನೆಗೆ ಹೋದರು. ಸುಮಾರು 3,300 ಮತಗಳ ಅಂತರದಿಂದ ಸೌಂದ್ ಗೆದ್ದರು. ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಹೋದ ಮೊದಲ ಭಾರತೀಯ, ಮೊದಲ ಸಿಖ್ ಅವರು. ಏಷ್ಯಾ ಮೂಲದವರಲ್ಲೂ ಅವರೇ ಮೊದಲಿಗರು.

ವಿದೇಶಾಂಗ ವ್ಯವಹಾರಗಳ ಸಮಿತಿಯಲ್ಲಿ ಅವರಿಗೆ ಸ್ಥಾನ ಸಿಕ್ಕಿತು. ಕರಿಯ ಜನರ ಮತದಾನದ ಹಕ್ಕನ್ನು ರಕ್ಷಿಸುವ 1957ರ ನಾಗರಿಕ ಹಕ್ಕುಗಳ ಮಸೂದೆಯನ್ನು ಬೆಂಬಲಿಸಿದರು. ಎರಡನೆಯ ದರ್ಜೆಯ ಪೌರ ಎಂದರೇನೆಂದು ಅವರು ಪುಸ್ತಕದಿಂದ ಕಲಿತವರಲ್ಲವಲ್ಲ. ಅದೇ ವರ್ಷದ ಕೊನೆಗೆ ಏಷ್ಯಾ ಪ್ರವಾಸ ಮಾಡಿ ಭಾರತಕ್ಕೆ ಬಂದರು. ನಮ್ಮ ಸಂಸತ್ ಸದಸ್ಯರನ್ನು ಉದ್ದೇಶಿಸಿ ಮಾತನಾಡಿದರು. ಪತ್ನಿ, ಮಗಳೊಡನೆ ಛಜ್ಜಲವಾಡಿಗೆ ಹೋದರು. ಇಪ್ಪತ್ತೊಂದರ ಪ್ರಾಯ ತುಂಬುವ ಹೊತ್ತಿಗೆ, ಎರಡು ಮೂರು ವರ್ಷದಲ್ಲಿ ಬರುತ್ತೇನೆ ಎಂದು ಹೇಳಿ ಹೋದವರು 58ನೆಯ ವಯಸ್ಸಿನಲ್ಲಿ ಊರಿಗೆ ಬಂದರು.

1958 ಮತ್ತು 1960ರಲ್ಲಿ ಮತ್ತೆ ಆರಿಸಿ ಬಂದರು. 1962ರ ಮೇ ತಿಂಗಳಲ್ಲಿ ವಿಮಾನ ಪ್ರಯಾಣದಲ್ಲಿ ಪಾರ್ಶ್ವವಾಯು ಬಡಿಯಿತು. ಅಷ್ಟು ಸಭೆಗಳನ್ನು ಗೆದ್ದ ಮಾತು ನಿಂತುಹೋಯಿತು, ನಡಿಗೆ ನಿಂತಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. ಆನಂತರ ಸುಮಾರು 11 ವರ್ಷ ಮೇರಿಯನ್ ಮತ್ತು ಮಕ್ಕಳ ಆರೈಕೆಯಲ್ಲಿ ಬದುಕಿ, 1973ರ ಏಪ್ರಿಲ್ 22ರಂದು ತೀರಿಕೊಂಡರು. ಅವರ ಸಲುವಾಗಿ ಒಮ್ಮೆ ದೇಶದ ಪೌರತ್ವವನ್ನೇ ಕಳೆದುಕೊಂಡಿದ್ದ ಹೆಂಗಸು ಕೊನೆಯವರೆಗೂ ಕೈ ಬಿಡಲಿಲ್ಲ.

ಅವರ ನಂತರ ಇನ್ನೊಬ್ಬ ಭಾರತೀಯ ಮೂಲದವರು ಆ ಸಭೆಗೆ ಆರಿಸಿ ಬಂದದ್ದು 2004ರಲ್ಲಿ, ಬಾಬಿ ಜಿಂದಾಲ್. 2005ರಲ್ಲಿ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನ ಅಂಚೆ ಕಚೇರಿಗೆ ಸೌಂದರ ಹೆಸರಿಟ್ಟರು. 2007ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಅವರ ಭಾವಚಿತ್ರ ಅನಾವರಣವಾಯಿತು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಲ್ಲಿ ಮಿಷಿಗನ್ ರಾಜ್ಯದಿಂದ ಆ ಸಭೆಯ ಸದಸ್ಯರಾದರು. ಆ ದಾರಿಯಲ್ಲಿ ಮೊದಲು ಮುಳ್ಳು ಸವರಿದವರು ಸೌಂದ್.

ಕೊನೆಯ ಮಾತು

ಸೌಂದರ ಕಥೆಯನ್ನು ನಾನು ಸಾಧನೆಯ ಕಥೆ ಎಂದು ಮಾತ್ರ ಹೇಳುತ್ತಿಲ್ಲ. ಹಳ್ಳಿಯಿಂದ ಹೋಗಿ ದೊಡ್ಡವರಾದವರ ಪಟ್ಟಿ ಎಲ್ಲ ಶಾಲೆಯ ಸಂಚಿಕೆಯಲ್ಲೂ ಇರುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ತನ್ನನ್ನು ಪೌರನೆಂದು ಒಪ್ಪದ ದೇಶದಲ್ಲಿ ಅವರು 29 ವರ್ಷ ಬೆಳೆ ಬೆಳೆದರು, ಸಾಲ ತೀರಿಸಿದರು, ಮಕ್ಕಳನ್ನು ಓದಿಸಿದರು, ಕರೆದವರ ಕೆಲಸಕ್ಕೆ ಹೋದರು. ಕಾನೂನು ಒಪ್ಪುವ ಮೊದಲೇ ಆ ಕಣಿವೆಯ ಜನರಲ್ಲಿ ಅನೇಕರು ಅವರನ್ನು ತಮ್ಮವರೆಂದು ಒಪ್ಪಿದ್ದರು. ಹಾಗಲ್ಲದಿದ್ದರೆ ಪೌರತ್ವ ಬಂದ ಮರು ವರ್ಷವೇ ನ್ಯಾಯ ಹೇಳಲು ಆರಿಸುತ್ತಿರಲಿಲ್ಲ. ಆದರೆ ಎಲ್ಲ ಹೊರಗಿನವರೂ ಸೌಂದ್ ಆಗಬೇಕಿಲ್ಲ. ನಮ್ಮವರೆನ್ನಿಸಿಕೊಳ್ಳಲು 29 ವರ್ಷ ಕಾಯಿಸುವುದು ಕಾಯುವವನ ಕೊರತೆಯಲ್ಲ, ಕಾಯಿಸುವವರ ಕೊರತೆ.

ಈಗ ನಮ್ಮ ಊರಿಗೆ ನಾಟಿ ಮಾಡಲು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಬಿಹಾರದಿಂದ ಜನ ಬರುತ್ತಾರೆ. ಅವರ ಮಕ್ಕಳೂ ಇಂದಲ್ಲ ನಾಳೆ ನಮ್ಮ ಶಾಲೆಯ ಬೆಂಚಿನಲ್ಲಿ ಕೂರುತ್ತಾರೆ. ಅವರ ಕನ್ನಡದಲ್ಲೂ ಒಂದು ರಾಗ ಇರುತ್ತದೆ. ಆಗ ಹಿಂದಿನ ಬೆಂಚಿನವರು ಏನು ಮಾಡುತ್ತಾರೆ ಎನ್ನುವುದು ಈ ಶಾಲೆ ಐವತ್ತು ವರ್ಷದಲ್ಲಿ ನಮಗೆ ಏನು ಕಲಿಸಿದೆ ಎನ್ನುವುದರ ಪರೀಕ್ಷೆ.

ನನ್ನ ತರಗತಿಯ ಆ ಕ್ಯಾಂಪಿನ ಹುಡುಗ ಈಗ ಇಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಮಹೋತ್ಸವಕ್ಕೆಂದು ಕಟ್ಟುತ್ತಿರುವ ಎರಡು ಹೊಸ ಕೋಣೆಗಳಿಗೆ ಕ್ಯಾಂಪಿನವರಿಂದ ವಂತಿಗೆ ಕೂಡಿಸಿದವನು ಅವನೇ ಎಂದು ಸಮಿತಿಯವರು ಹೇಳಿದರು. ಈ ಲೇಖನ ಬರೆಯುವ ಮೊದಲು ಅವನಿಗೆ ಫೋನ್ ಮಾಡಿದೆ. ಎಂಟನೇ ತರಗತಿಯ ಮಾತು ತೆಗೆದು, ತಪ್ಪಾಯಿತು ಎಂದೆ. ಅವನು ನಕ್ಕು, "ಅದನ್ನೆಲ್ಲ ಯಾವಾಗಲೋ ಮರೆತೆ ಮಾರಾಯ" ಎಂದ. ಮರೆತಿಲ್ಲ ಎಂದು ಅವನ ದನಿಯಲ್ಲೇ ಗೊತ್ತಾಯಿತು. ಆಮೇಲೆ, "ಕಾರ್ಯಕ್ರಮಕ್ಕೆ ಬರುತ್ತೀ ತಾನೇ? ಹಳೆಯ ವಿದ್ಯಾರ್ಥಿಗಳ ಖೋ-ಖೋ ಇಟ್ಟಿದ್ದೇವೆ. ತಂಡ ಆರಿಸುವವನು ನಾನೇ" ಎಂದ.

ಬರುತ್ತೇನೆ. ನನ್ನನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಬಿಡುವುದು ಅವನಿಗೆ ಬಿಟ್ಟದ್ದು.